ಕೊಂಡಿಗಳ ಮೇಲೊಂದು ಕಣ್ಣು

ಕುದುರೆಲಾಳ ಏಡಿಯ ರಕ್ತ ನೀಲಿ. ಇಷ್ಟು ಹೇಳಿ ನಿಲ್ಲಿಸಿದರೆ ಅದು ರಸಪ್ರಶ್ನೆಯ ಸರಕು. ಉತ್ತರಿಸಿದವರಿಗೆ ಅಂಕ ಕೊಟ್ಟು ಮುಂದಿನ ಪ್ರಶ್ನೆಗೆ ಹೋಗಬಹುದು. ಆದರೆ ಇಂಥ ಸಂಗತಿಯ ಬಾಲ ಹಿಡಿದು ಎಳೆದರೆ ಹಿಂದೆಯೇ ಇನ್ನೊಂದು ಬರುತ್ತದೆ, ಅದರ ಹಿಂದೆ ಮತ್ತೊಂದು. ಈ ಆಟದಲ್ಲಿ ನನ್ನ ಕಣ್ಣೆಲ್ಲ ಸಂಗತಿಗಳಿಗಿಂತ ಹೆಚ್ಚಾಗಿ ಅವುಗಳ ನಡುವಿನ ಕೊಂಡಿಗಳ ಮೇಲೆ. ಕೆಲವು ಎಷ್ಟು ಜಗ್ಗಿದರೂ ಬಿಡುವುದಿಲ್ಲ, ಕೆಲವು ಮುಟ್ಟಿದರೆ ಕಳಚಿಕೊಳ್ಳುತ್ತವೆ.

ನೀಲಿಗೆ ಕಾರಣ ತಾಮ್ರ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣವಿರುವ ಹಿಮೋಗ್ಲೋಬಿನ್. ಈ ಪ್ರಾಣಿಯಲ್ಲಿ ಅದೇ ಕೆಲಸ ತಾಮ್ರವಿರುವ ಹಿಮೋಸಯನಿನ್‌ನದು. ಆಕ್ಟೋಪಸ್‌ನಲ್ಲಿಯೂ ಹೀಗೆಯೇ. ಅಂಟಾರ್ಕ್ಟಿಕದ ಹಿಮಮೀನುಗಳು ಎರಡರ ಗೊಡವೆಗೂ ಹೋಗಿಲ್ಲ. ಕೊರೆಯುವ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುವುದರಿಂದ ಬಣ್ಣವಿಲ್ಲದ ರಕ್ತದಲ್ಲೇ ಅವುಗಳ ಬದುಕು ಸಾಗುತ್ತದೆ.

ಕುದುರೆಲಾಳ ಏಡಿಗೆ ಬೆಲೆ ಬಂದದ್ದು ಬಣ್ಣದಿಂದಲ್ಲ, ಅದರ ರಕ್ತ ಹೆಪ್ಪುಗಟ್ಟುವ ಬಗೆಯಿಂದ. ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಸ್ತು ಇರುತ್ತದೆ. ಬ್ಯಾಕ್ಟೀರಿಯಾ ಸತ್ತ ಮೇಲೂ ಅದು ಉಳಿಯುತ್ತದೆ, ಕುದಿಸಿದರೂ ಸುಲಭಕ್ಕೆ ಹೋಗುವುದಿಲ್ಲ. ಚುಚ್ಚುಮದ್ದಿನ ಜೊತೆ ನಮ್ಮ ರಕ್ತ ಸೇರಿದರೆ ಜ್ವರ ಬರಿಸುತ್ತದೆ, ಹೆಚ್ಚಾದರೆ ಪ್ರಾಣಕ್ಕೇ ಸಂಚಕಾರ. ಏಡಿಯ ರಕ್ತಕಣಗಳು ಇದರ ಸುಳಿವು ಸಿಕ್ಕರೆ ಸಾಕು, ಒಡೆದು ಸುತ್ತಲಿನ ದ್ರವವನ್ನು ಗಟ್ಟಿಯಾಗಿಸುತ್ತವೆ. ಪರೀಕ್ಷೆ ತೀರಾ ಸರಳ: ಕಣಗಳಿಂದ ತೆಗೆದ ಸಾರವನ್ನು ಔಷಧಿಯ ಮಾದರಿಯೊಂದಿಗೆ ಗಾಜಿನ ಪುಟ್ಟ ನಳಿಕೆಯಲ್ಲಿ ಬೆರೆಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಅಲುಗಾಡದಂತೆ ಇಟ್ಟು, ನಳಿಕೆಯನ್ನು ತಲೆಕೆಳಗು ಮಾಡುತ್ತಾರೆ. ಒಳಗಿನದು ಗಟ್ಟಿಯಾಗಿ ತಳಕ್ಕೇ ಅಂಟಿಕೊಂಡಿದ್ದರೆ ವಿಷವಿದೆ, ಸುರಿದು ಬಂದರೆ ಇಲ್ಲ. ರಕ್ತ ತೆಗೆದ ಪ್ರಾಣಿಗಳನ್ನು ಸಮುದ್ರಕ್ಕೆ ಮರಳಿ ಬಿಟ್ಟರೂ ಒಂದಷ್ಟು ಸಾಯುತ್ತವೆ. ಆ ಸಾರದಲ್ಲಿ ವಿಷದ ಸುಳಿವು ಹಿಡಿಯುವ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ತಯಾರಿಸುವ ದಾರಿಯನ್ನು ಸಿಂಗಪುರದ ವಿಜ್ಞಾನಿಗಳು 1990ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಔಷಧ ಲೋಕ ಅದನ್ನು ಒಪ್ಪಿಕೊಳ್ಳಲು ಹಿಡಿದ ಕಾಲ ನೋಡಿದರೆ ಸಿಟ್ಟು ಬರುತ್ತದೆ.

ಈ ಹೆಪ್ಪಿನ ಗುಟ್ಟನ್ನು ಫ್ರೆಡ್ರಿಕ್ ಬ್ಯಾಂಗ್ ಎಂಬ ವೈದ್ಯವಿಜ್ಞಾನಿ 1950ರ ದಶಕದಲ್ಲಿ ಗುರುತಿಸಿದ್ದು ಅಮೆರಿಕದ ವುಡ್ಸ್ ಹೋಲ್ ಕಡಲತೀರದ ಪ್ರಯೋಗಾಲಯದಲ್ಲಿ. ಅದಕ್ಕೂ ಹಲವು ವರ್ಷ ಮೊದಲು ಅಲ್ಲಿಯೇ ಹಾರ್ಟ್‌ಲೈನ್ ಎಂಬವರು ಇದೇ ಪ್ರಾಣಿಯ ಕಣ್ಣನ್ನು ಅಧ್ಯಯನ ಮಾಡಲು ತೊಡಗಿದ್ದರು. ಇದು ಗಟ್ಟಿ ಕೊಂಡಿ. ತೀರದಲ್ಲಿ ಪ್ರಾಣಿ ಧಾರಾಳವಾಗಿ ಸಿಗುತ್ತಿತ್ತು, ಅದರ ದೃಷ್ಟಿನರ ಉದ್ದವಾಗಿದ್ದು ಬಿಡಿಸಲು ಸುಲಭವಾಗಿತ್ತು. ಒಂದು ನರತಂತುವಿನ ಮಿಡಿತ ಅಳೆಯುತ್ತಿದ್ದಾಗ ಹಾರ್ಟ್‌ಲೈನ್ ಗಮನಿಸಿದ್ದು ವಿಚಿತ್ರವಾಗಿತ್ತು: ಕೋಣೆಯ ದೀಪಗಳನ್ನೂ ಹಾಕಿದರೆ ಮಿಡಿತ ಏರಬೇಕಲ್ಲ, ಅದು ಇಳಿಯುತ್ತಿತ್ತು. ಬೆಳಕು ಬಿದ್ದ ಕೋಶ ತನ್ನ ಅಕ್ಕಪಕ್ಕದವುಗಳ ಬಾಯಿ ಮುಚ್ಚಿಸುತ್ತದೆ. ಹೀಗಾಗಿ ಬೆಳಕು ಮತ್ತು ನೆರಳು ಸಂಧಿಸುವ ಅಂಚು ಇದ್ದದ್ದಕ್ಕಿಂತ ಚುರುಕಾಗಿ ಕಾಣುತ್ತದೆ. 1967ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು.

ನಮ್ಮ ಕಣ್ಣೂ ಇದೇ ಚಮತ್ಕಾರ ಮಾಡುತ್ತದೆ. ಗೋಡೆಯ ಮೇಲಿನ ನೆರಳಿನ ಮಸುಕು ಅಂಚನ್ನು ದಿಟ್ಟಿಸಿದರೆ ಬೆಳಕಿನ ಕಡೆ ಇನ್ನಷ್ಟು ಬೆಳ್ಳಗಿನ ಗೆರೆ, ನೆರಳಿನ ಕಡೆ ಇನ್ನಷ್ಟು ಕಪ್ಪಗಿನ ಗೆರೆ ಕಾಣುತ್ತದೆ. ಗೋಡೆಯ ಮೇಲೆ ಅಂಥ ಗೆರೆಗಳೇ ಇಲ್ಲ. 1865ರಲ್ಲಿ ಇವನ್ನು ವಿವರಿಸಿದವರು ಅರ್ನ್‌ಸ್ಟ್ ಮಾಖ್. ವಿಮಾನದ ವೇಗ ಹೇಳುವಾಗ ಬರುವ ‘ಮ್ಯಾಕ್’ ಇವರದೇ ಹೆಸರು. ಹಾರುವ ಗುಂಡಿನ ಮುಂದೆ ಗಾಳಿಯಲ್ಲಿ ಏಳುವ ಆಘಾತ ತರಂಗದ ಛಾಯಾಚಿತ್ರವನ್ನು ಅವರು ಸಹೋದ್ಯೋಗಿಯೊಂದಿಗೆ 1887ರಲ್ಲಿ ಪ್ರಕಟಿಸಿದ್ದರು. ಏಡಿಯ ಕಣ್ಣಿನಿಂದ ಶಬ್ದಾತೀತ ವಿಮಾನಕ್ಕೆ ಒಂದೇ ನೆಗೆತ! ಆದರೆ ಇದು ಬರೀ ಹೆಸರಿನ ಕೊಂಡಿ. ಮಾಖ್ ಜಾಗದಲ್ಲಿ ಇಬ್ಬರು ಬೇರೆ ಬೇರೆ ವಿಜ್ಞಾನಿಗಳಿದ್ದಿದ್ದರೆ ಸರಪಳಿ ಇಲ್ಲಿಗೇ ತುಂಡಾಗುತ್ತಿತ್ತು.

ಇರಲಿ, ಶಬ್ದದ ಮಾತು ಬಂದದ್ದರಿಂದ ಕ್ರಕಟೋವಾಕ್ಕೆ ಹೋಗೋಣ. ಜಾವಾ ಮತ್ತು ಸುಮಾತ್ರಾ ನಡುವಿನ ಈ ಜ್ವಾಲಾಮುಖಿ 1883ರ ಆಗಸ್ಟ್ 27ರಂದು ಸಿಡಿದಾಗ, ಸುಮಾರು 4,800 ಕಿಲೋಮೀಟರ್ ದೂರದ ರೋಡ್ರಿಗಸ್ ದ್ವೀಪದಲ್ಲಿ ಎಲ್ಲೋ ಫಿರಂಗಿ ಹಾರಿಸಿದಂತೆ ಸದ್ದು ಕೇಳಿಸಿತು. ಶಬ್ದ ಗಂಟೆಗೆ ಹತ್ತಿರಹತ್ತಿರ 1,200 ಕಿಲೋಮೀಟರ್ ಸಾಗುತ್ತದೆ. ಅಂದರೆ ಅಲ್ಲಿ ಫಿರಂಗಿ ‘ಹಾರುವ’ ಹೊತ್ತಿಗೆ ಇತ್ತ ಸ್ಫೋಟವಾಗಿ ನಾಲ್ಕು ಗಂಟೆ ಕಳೆದಿತ್ತು. ಗಾಳಿಯ ಒತ್ತಡದ ಅಲೆಯಂತೂ ಭೂಮಿಯನ್ನು ಮೂರಕ್ಕೂ ಹೆಚ್ಚು ಸಲ ಸುತ್ತಿತು. ಲೋಕದ ವಾಯುಭಾರ ಮಾಪಕಗಳು ಅದನ್ನು ದಾಖಲಿಸಿಕೊಂಡವು. ಮುಂದಿನ ತಿಂಗಳುಗಳಲ್ಲಿ ಸಂಜೆಗಳು ಕೆಂಡವಾದವು. ಅಮೆರಿಕದ ಕೆಲವು ಊರುಗಳಲ್ಲಿ ಬೆಂಕಿ ಬಿದ್ದಿದೆಯೆಂದು ಅಗ್ನಿಶಾಮಕ ದಳ ಓಡಿತು. ಕೆಲವೆಡೆ ಚಂದ್ರ ನೀಲಿಯಾಗಿ ಕಂಡ.

ಗಾಳಿಯ ಅಣುಗಳು ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ಚಿಕ್ಕವು, ಹಾಗಾಗಿ ನೀಲಿಯನ್ನು ಹೆಚ್ಚು ಚದುರಿಸುತ್ತವೆ. ಕಣದ ಗಾತ್ರ ಅಲೆಯುದ್ದವನ್ನು ತುಸು ಮೀರಿ ಮೈಕ್ರೋಮೀಟರಿನ ಆಸುಪಾಸಿಗೆ ಬಂದರೆ ಲೆಕ್ಕ ತಿರುವುಮುರುವಾಗಿ, ಕೆಂಪು ಚದುರಿ ನೀಲಿ ನೇರವಾಗಿ ದಾಟಿ ಬರಬಹುದು. ಮಂಗಳ ಗ್ರಹದ ಧೂಳೂ ಇದೇ ಗಾತ್ರದ ಆಜುಬಾಜಿನದು. ಅದು ನೀಲಿ ಬೆಳಕನ್ನು ಸೂರ್ಯನ ಸುತ್ತಲೇ ಬಿಗಿಯಾಗಿ ಹರಡುವುದರಿಂದ ಅಲ್ಲಿನ ಸೂರ್ಯಾಸ್ತ ನೀಲಿ. 2015ರಲ್ಲಿ ಕ್ಯೂರಿಯಾಸಿಟಿ ನೌಕೆ ಅದರ ಬಣ್ಣದ ಚಿತ್ರ ಕಳಿಸಿತು. ಚಂದ್ರನೂ ಮಂಗಳವೂ ಇಲ್ಲಿ ಕೂಡಿದ್ದು ಕಾಕತಾಳೀಯವಲ್ಲ. ಎರಡರ ಹಿಂದೆಯೂ ಇರುವುದು ಕಣದ ಗಾತ್ರ.

ಕ್ರಕಟೋವಾಕ್ಕಿಂತ ದೊಡ್ಡದು ತಂಬೋರಾ. 1815ರ ಏಪ್ರಿಲ್‌ನಲ್ಲಿ ಅದು ಉಗುಳಿದ ಗಂಧಕದ ಅನಿಲ ವಾಯುಮಂಡಲದ ಎತ್ತರದಲ್ಲಿ ಆಮ್ಲದ ಸಣ್ಣ ಹನಿಗಳಾಗಿ ಬಿಸಿಲನ್ನು ತಡೆಯಿತು. ಮರುವರ್ಷ ಯುರೋಪ್ ಮತ್ತು ಉತ್ತರ ಅಮೆರಿಕದ ಹಲವೆಡೆ ಬೇಸಿಗೆಯೇ ಬರಲಿಲ್ಲ, ಬೆಳೆ ಹಾಳಾಯಿತು. 1817ರ ಜೂನ್‌ನಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಪೆಡಲ್ ಇಲ್ಲದ, ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಗಾಲಿಯ ಗಾಡಿಯನ್ನು ರಸ್ತೆಗಿಳಿಸಿದರು. ಮೇವಿಲ್ಲದೆ ಕುದುರೆಗಳು ಸತ್ತವು, ಅದಕ್ಕೇ ಸೈಕಲ್ ಹುಟ್ಟಿತು ಎಂಬ ಕಥೆ ಎಲ್ಲೆಡೆ ಓಡಾಡುತ್ತಿದೆ. ಕೇಳಲು ಸೊಗಸು, ಆದರೆ ಅದು ಊಹೆ. ಇಸವಿಗಳು ಹತ್ತಿರವಿವೆ ಎಂಬುದೇ ಅದರ ಮುಖ್ಯ ಬಂಡವಾಳ.

ಸೈಕಲ್ ಬೀಳದೆ ಓಡುವುದೇಕೆ ಎಂಬುದಕ್ಕೆ ತಿರುಗುವ ಗಾಲಿಗಳ ಬಲವೇ ಕಾರಣವೆಂದು ಬಹುಕಾಲ ಹೇಳಿಕೊಂಡು ಬರಲಾಗಿತ್ತು. 2011ರಲ್ಲಿ ಸಂಶೋಧಕರು ಆ ಬಲವನ್ನು ರದ್ದುಗೊಳಿಸಿದ ಸೈಕಲ್ಲೊಂದನ್ನು ಕಟ್ಟಿ ಸವಾರನಿಲ್ಲದೆ ತಳ್ಳಿದರು. ಅದು ತನ್ನಷ್ಟಕ್ಕೆ ಸಮತೋಲ ಕಾಯ್ದುಕೊಂಡಿತು.

ಸೈಕಲ್‌ನಿಂದ ವಿಮಾನಕ್ಕೆ ಹೋಗುವ ಕೊಂಡಿಯನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಬಹುದು. ರೈಟ್ ಸಹೋದರರು ಸೈಕಲ್ ತಯಾರಕರು. 1901ರಲ್ಲಿ ರೆಕ್ಕೆಯ ಮಾದರಿಗಳನ್ನು ಪರೀಕ್ಷಿಸಲು ಮಾಡಿಕೊಂಡ ಗಾಳಿಪೆಟ್ಟಿಗೆಯೊಳಗಿನ ತಕ್ಕಡಿ ಎದ್ದದ್ದು ಸೈಕಲ್ ಕಡ್ಡಿಗಳಿಂದ ಮತ್ತು ಗರಗಸದ ಅಲಗಿನ ತುಂಡುಗಳಿಂದ. 1903ರ ಡಿಸೆಂಬರ್ 17ರಂದು ಅವರ ವಿಮಾನ ಮೊದಲ ಸಲ 12 ಸೆಕೆಂಡು ಹಾರಿತಲ್ಲ, ಅದರ ಎಂಜಿನ್ನಿನಿಂದ ಎರಡು ಪ್ರೊಪೆಲರ್‌ಗಳಿಗೆ ಶಕ್ತಿ ಸಾಗಿಸಿದ್ದು ಸೈಕಲ್ ಮಾದರಿಯ ಚೈನು. ಒಂದು ಚೈನನ್ನು ಇಂಗ್ಲಿಷಿನ ಎಂಟರಂತೆ ಅಡ್ಡ ತಿರುಚಿ ಹಾಕಿದ್ದರು. ಎರಡು ಪ್ರೊಪೆಲರ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಿದರೆ ಯಂತ್ರ ಒಂದು ಕಡೆಗೆ ಹೊರಳುವುದಿಲ್ಲ.

ಆ ವಿಮಾನದ ರೆಕ್ಕೆಯ ಬಟ್ಟೆಯ ಚೂರೊಂದನ್ನು ಕಟ್ಟಿಕೊಂಡು ಇಂಜೆನ್ಯುಯಿಟಿ ಹೆಲಿಕಾಪ್ಟರ್ 2021ರ ಏಪ್ರಿಲ್ 19ರಂದು ಮಂಗಳದಲ್ಲಿ ಹಾರಿತು. ಸುದ್ದಿಯಾದದ್ದು ಬಟ್ಟೆ. ಅದು ಶಾಸ್ತ್ರಕ್ಕೆ ಕಟ್ಟಿದ್ದು. ಇಲ್ಲದಿದ್ದರೂ ಹೆಲಿಕಾಪ್ಟರ್ ಹಾರುತ್ತಿತ್ತು. ನಿಜವಾದ ನಂಟು ಅದರ ನೆತ್ತಿಯ ಮೇಲಿತ್ತು: ಒಂದರ ಮೇಲೊಂದರಂತೆ ಕೂರಿಸಿದ, ವಿರುದ್ಧ ದಿಕ್ಕುಗಳಿಗೆ ತಿರುಗುವ ಎರಡು ಜೊತೆ ಅಲಗುಗಳು. ಮಂಗಳಕ್ಕೆ ಕಳಿಸುವ ಮೊದಲು ಅದನ್ನು ಭೂಮಿಯ ಮೇಲೆ ಪರೀಕ್ಷಿಸಲು, ರೈಟ್ ಸಹೋದರರ ಪೆಟ್ಟಿಗೆಯ ಜಾಗದಲ್ಲಿ, ನಮ್ಮ ಗಾಳಿ ತೆಗೆದು ತೆಳ್ಳಗೆ ಇಂಗಾಲದ ಡೈಆಕ್ಸೈಡ್ ತುಂಬಿದ ಭಾರೀ ಕೋಣೆಯಿತ್ತು. ಮಂಗಳದ ಗುರುತ್ವ ನಮ್ಮದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕೋಣೆಯೊಳಗೆ ಗುರುತ್ವವನ್ನು ಕಡಿಮೆ ಮಾಡುವುದು ಯಾರಿಂದಲೂ ಆಗದ ಕೆಲಸ. ಅದಕ್ಕೆ ಎಂಜಿನಿಯರುಗಳು ಹೆಲಿಕಾಪ್ಟರಿನ ನೆತ್ತಿಗೆ ಒಂದು ದಾರ ಕಟ್ಟಿ, ತೂಕದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಮೋಟಾರಿನಿಂದ ಮೇಲಕ್ಕೆ ಎಳೆದು ಹಿಡಿದರು.