ಅಪ್ಪನ ಬೀರುವಿನಲ್ಲಿ ಸಿಕ್ಕ ಬರ್ಬನ್

ಹಳೆಯ ವಸ್ತುಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಕಳೆದ ತಿಂಗಳು ಬಸವನಗುಡಿಯ ಒಂದು ಮನೆಗೆ ಹೋಗಿದ್ದೆ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅಣ್ಣ ತಂಗಿ ಸೇರಿ ಸಾಮಾನು ಪಾಲು ಮಾಡಿಕೊಳ್ಳುತ್ತಿದ್ದರು. ಗೋಡೆ ಗಡಿಯಾರ, ತೇಗದ ಕುರ್ಚಿಗಳೆಲ್ಲ ಮುಗಿದ ಮೇಲೆ ಅಣ್ಣ ಬೀರುವಿನಿಂದ ಒಂದು ಬಾಟಲಿ ತೆಗೆದರು. ಅಪ್ಪ ಅಮೆರಿಕಕ್ಕೆ ಟ್ರೈನಿಂಗಿಗೆ ಹೋದಾಗ ತಂದದ್ದಂತೆ.

"ಸರ್, ಐವತ್ತು ವರ್ಷದ ವಿಸ್ಕಿ. ಲಕ್ಷಗಟ್ಟಲೆ ಬರುತ್ತೆ ಅಲ್ವಾ?"

ಅಷ್ಟರಲ್ಲಿ ತಂಗಿ ಧೂಳು ಒರೆಸಲು ಒದ್ದೆ ಬಟ್ಟೆ ತಂದರು. ದಯವಿಟ್ಟು ಬೇಡ ಅಂದೆ. ಧೂಳು ಇದ್ದರೆ ಏನೂ ನಷ್ಟವಿಲ್ಲ. ಕಾಗದ ಹರಿದರೆ ಬಾಟಲಿಯ ಜಾತಕವೇ ಹೋಯಿತು.

ಅದು ಅಮೆರಿಕದ ಕೆಂಟಕಿ ರಾಜ್ಯದ ಓಲ್ಡ್ ಗ್ರ್ಯಾಂಡ್-ಡ್ಯಾಡ್ ಎಂಬ ಬರ್ಬನ್, ಅಂದರೆ ಅಮೆರಿಕದ ಒಂದು ಬಗೆಯ ವಿಸ್ಕಿ. ಮುಚ್ಚಳದ ಮೇಲಿಂದ ಕತ್ತಿನವರೆಗೆ ಹಸಿರು ಕಾಗದದ ಪಟ್ಟಿ ಅಂಟಿತ್ತು. ಅದು ಅಮೆರಿಕ ಸರ್ಕಾರದ ತೆರಿಗೆ ಪಟ್ಟಿ. ಮಾಮೂಲಿ ವಿಸ್ಕಿಗೆ ಕೆಂಪು, 'ಬಾಟಲ್ಡ್ ಇನ್ ಬಾಂಡ್' ವಿಸ್ಕಿಗೆ ಹಸಿರು. 1897ರ ಕಾನೂನಿನ ಪ್ರಕಾರ ಬಾಂಡ್ ವಿಸ್ಕಿ ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಸೀಸನ್ನಿನಲ್ಲಿ ತಯಾರಾಗಬೇಕು. ಕನಿಷ್ಠ 4 ವರ್ಷ ಸರ್ಕಾರದ ಮೇಲ್ವಿಚಾರಣೆಯ ಗೋದಾಮಿನಲ್ಲಿ ಇರಬೇಕು. ಅಮೆರಿಕದ ಲೆಕ್ಕದಲ್ಲಿ 100 ಪ್ರೂಫ್, ಅಂದರೆ 50% ಆಲ್ಕೋಹಾಲ್ ಇರಬೇಕು. ನಮ್ಮ ದೇಶದ ಬಾಟಲಿಗಳಲ್ಲಿ ಕಾಣುವ 75 ಪ್ರೂಫ್, 42.8% ಬ್ರಿಟಿಷರ ಲೆಕ್ಕ. ಎರಡನ್ನೂ ಬೆರೆಸಬೇಡಿ.

ಭೂತಗನ್ನಡಿ ಹಿಡಿದಾಗ ಪಟ್ಟಿಯ ಸಣ್ಣ ಅಕ್ಷರ ಓದಲು ಸಿಕ್ಕಿತು: ತಯಾರಿ 1965ರ ಸ್ಪ್ರಿಂಗ್, ಬಾಟಲಿಗೆ ತುಂಬಿದ್ದು 1970ರ ಫಾಲ್, ಅಂದರೆ ಶರತ್ಕಾಲ. ಅಲ್ಲಿಗೆ ಇದು ಐದೂವರೆ ವರ್ಷದ ವಿಸ್ಕಿ. ವಿಸ್ಕಿಗೆ ವಯಸ್ಸಾಗುವುದು ಮರದ ಪೀಪಾಯಿಯಲ್ಲಿ ಮಾತ್ರ. ಗಾಜಿನೊಳಗೆ ಐವತ್ತು ವರ್ಷ ಕೂತರೂ ಅದರ ವಯಸ್ಸು ಏರುವುದಿಲ್ಲ. ಅಣ್ಣನ ಮುಖ ಸಪ್ಪಗಾಯಿತು.

ಪಟ್ಟಿ ಇಲ್ಲದಿದ್ದರೂ ಕಾಲ ಗುರುತಿಸಬಹುದು. ಲೇಬಲ್ ಮೇಲೆ ಅಳತೆ '4/5 ಕ್ವಾರ್ಟ್' ಎಂದಿದ್ದರೆ 1980ಕ್ಕಿಂತ ಹಿಂದಿನದು, ಆಮೇಲೆ 750 ಮಿ.ಲೀ. ಬಂತು. ತೆರಿಗೆ ಪಟ್ಟಿ ಕಡ್ಡಾಯವಾಗಿದ್ದದ್ದು 1985ರವರೆಗೆ. ಆರೋಗ್ಯದ ಎಚ್ಚರಿಕೆ ಇದ್ದರೆ 1989ರ ನಂತರದ್ದು. ತಳದ ಗಾಜಿನಲ್ಲಿ ಎರಡಂಕಿಯ ವರ್ಷವೂ ಎಷ್ಟೋ ಸಲ ಸಿಗುತ್ತದೆ.

ಆಮೇಲೆ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗಿನ ವಿಸ್ಕಿಯ ಮಟ್ಟ ನೋಡಿದೆ. ಕತ್ತಿನ ಬುಡಕ್ಕೆ ಇತ್ತು. ಒಳ್ಳೆಯದೇ. ಭುಜಕ್ಕಿಂತ ಕೆಳಗಿಳಿದಿದ್ದರೆ ಬೆಲೆಯೂ ಜೋರಾಗಿ ಇಳಿಯುತ್ತದೆ.

ಈ ಬ್ರ್ಯಾಂಡಿನ ಹೊಸ ಬಾಟಲಿ ಅಮೆರಿಕದಲ್ಲಿ ಸಾಧಾರಣ ಬೆಲೆಗೆ ಸಿಗುತ್ತದೆ. 1987ರಲ್ಲಿ ಅದು ನ್ಯಾಷನಲ್ ಡಿಸ್ಟಿಲರ್ಸ್ ಕೈಯಿಂದ ಜಿಮ್ ಬೀಮ್ ಕಡೆಗೆ ಹೋಯಿತು. ಸಂಗ್ರಾಹಕರು ಹುಡುಕುವುದು ಅದಕ್ಕೂ ಮೊದಲಿನದನ್ನು. ಹಾಗಾಗಿ ಬೆಲೆ ನೋಡುವಾಗ ಅದೇ ಲೇಬಲ್, ಅದೇ ಕಾಲ, ಅದೇ ಮಟ್ಟದ ಬಾಟಲಿ ಹರಾಜಿನಲ್ಲಿ ಎಷ್ಟಕ್ಕೆ ಮಾರಾಟವಾಗಿದೆ ಅಂತ ನೋಡಿ. ಯಾರೋ ಕೇಳುತ್ತಿರುವ ಬೆಲೆ ಸುಮ್ನೆ ಆಸೆಯ ಲೆಕ್ಕ. ಹರಾಜಿನ ಮೊತ್ತದಲ್ಲೂ ಕಮಿಷನ್ ಕಳೆಯಬೇಕು.

ಆ ಮೊತ್ತ ಬೆಂಗಳೂರಿನಲ್ಲಿ ಕೈಗೆ ಬರುವುದಿಲ್ಲ, ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು ಅಪರಾಧ, ಒಂದೇ ಬಾಟಲಿ ಆದರೂ. ಕೆಂಟಕಿಯಲ್ಲಿ 2018ರಿಂದ ಲೈಸೆನ್ಸ್ ಇರುವ ಅಂಗಡಿಗಳು ಮನೆಯವರಿಂದ ಹಳೆಯ ಬಾಟಲಿ ಕೊಳ್ಳಬಹುದು. ಆ ಅನುಕೂಲ ನಮಗಿಲ್ಲ.

ಹಾಗಾಗಿ ಪಾಲಿನ ಪಟ್ಟಿಯಲ್ಲಿ ಬಾಟಲಿಯ ಮುಂದೆ ನಾನು ರೂಪಾಯಿ ಬರೆಯಲಿಲ್ಲ. ಹರಾಜಿನ ಬೆಲೆಯನ್ನು ಮಾಹಿತಿಗಾಗಿ ಬೇರೆ ಹಾಳೆಯಲ್ಲಿ ಕೊಟ್ಟೆ. ಮಾರಲಾಗದ ವಸ್ತುವಿಗೆ ದೊಡ್ಡ ಮೊತ್ತ ಬರೆದು, ಅದಕ್ಕೆ ಸರಿಯಾಗಿ ಇನ್ನೊಬ್ಬರಿಗೆ ಅಮ್ಮನ ಬಳೆ ಕೊಟ್ಟರೆ ಬಾಟಲಿ ತೆಗೆದುಕೊಂಡವರಿಗೆ ಅನ್ಯಾಯ.

"ಹಾಗಾದ್ರೆ ಇಟ್ಟುಕೊಳ್ತೀವಿ," ಅಂದರು ತಂಗಿ. ಮಲಗಿಸಬೇಡಿ, ನಿಲ್ಲಿಸಿಯೇ ಇಡಿ, ಬಿಸಿಲು ತಾಗಬಾರದು ಅಂದೆ. ಅಡುಗೆಮನೆಯ ತಕ್ಕಡಿ ತರಿಸಿ ತೂಗಿದೆ. 1,184 ಗ್ರಾಂ. ಮುಂದಿನ ಯುಗಾದಿಗೆ ಮತ್ತೆ ತೂಗಿ. ತೂಕ ಇಳಿದಿದ್ದರೆ ಮುಚ್ಚಳದಿಂದ ಆವಿ ಹೋಗುತ್ತಿದೆ ಅಂತ. ಆಗ ಇನ್ನೂ ಕಾಯುವುದು ಬೇಡ, ತೆರೆದು ಕುಡಿಯಿರಿ.