ಗ್ಯಾಸ್ ಬಂದ್ ಆಗಿದೆಯಲ್ಲ? ಗೀಳು ಕಾಯಿಲೆ ನಡೆದು ಬಂದ ದಾರಿ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಬೆಳಿಗ್ಗೆ ಮಳೆಮಾಪಕ ನೋಡಿ, ಇಂಚು-ಸೆಂಟ್ ಲೆಕ್ಕವನ್ನು ಡೈರಿಯಲ್ಲಿ ಬರೆದಿಡುವುದು ಹಳೆಯ ರೂಢಿ. ಅದು ಶಿಸ್ತು. ಬರೆದ ಅಂಕಿ ತಪ್ಪಿತೇನೋ ಎಂದು ಅದೇ ಡೈರಿಯನ್ನು ಮೂವತ್ತು ಸಲ ತೆರೆದು, ತೋಟಕ್ಕೆ ಹೋಗುವ ಹೊತ್ತೇ ಮೀರಿದರೆ ಅದು ಕಾಯಿಲೆ. ಈ ಗೆರೆ ಈಗ ಮಸುಕಾಗಿದೆ. ಕಪಾಟು ಒಪ್ಪವಾಗಿಟ್ಟವರೆಲ್ಲ ‘ನನಗೆ ಓಸಿಡಿ’, ಅಂದರೆ ಗೀಳು ಕಾಯಿಲೆ, ಎನ್ನುತ್ತಾರೆ. ನಿಜಕ್ಕೂ ನರಳುವವರು ಬಾಯಿ ಬಿಡುವುದಿಲ್ಲ.

ಬೇಡವೆಂದರೂ ನುಗ್ಗುವ ಯೋಚನೆ, ಅದು ಹುಟ್ಟಿಸುವ ದಿಗಿಲು, ದಿಗಿಲು ತಗ್ಗಲೆಂದು ಮಾಡಿದ್ದನ್ನೇ ಮಾಡುವುದು, ಇದೇ ಗೀಳು ಕಾಯಿಲೆಯ ಸುಳಿ. ಕೈ ತೊಳೆಯುವುದು ಅದರ ಒಂದು ಮುಖ ಮಾತ್ರ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಪೂಜಿಸುವ ಮನೆಯಲ್ಲಿ, ‘ಇದರಿಂದ ನನ್ನ ಮಗುವಿಗೇ ಏನಾದರೂ ಮಾಡಿಬಿಟ್ಟರೆ’ ಎಂಬ ಯೋಚನೆಗೆ ಬೆವತು ಆ ಕೋಣೆಗೇ ಕಾಲಿಡದ ತಂದೆಯನ್ನು ಊಹಿಸಿಕೊಳ್ಳಿ. ಆ ಯೋಚನೆ ಅವನ ಆಸೆಯಲ್ಲ, ಅವನ ಅತಿದೊಡ್ಡ ಅಂಜಿಕೆ. ಇದನ್ನು ಯಾರಲ್ಲಿ ಹೇಳಿಕೊಂಡಾನು?

ಫ್ರಾನ್ಸಿನ ವೈದ್ಯ ಎಸ್ಕಿರೋಲ್ 1838ರಲ್ಲಿ ಬರೆದಿಟ್ಟ ಮಹಿಳೆಗೆ, ಲೆಕ್ಕ ಬರೆಯುವಾಗ ಯಾರಿಗಾದರೂ ಮೋಸವಾಗುತ್ತದೇನೋ, ಬೆರಳಿಗೆ ಬೇರೆಯವರ ಹಣ ಅಂಟಿಕೊಂಡಿದೆಯೇನೋ ಎಂಬ ಭಯ. ಮುಂದೆ ಅಲ್ಲಿನ ವೈದ್ಯರು ಇದನ್ನು ‘ಅನುಮಾನದ ಹುಚ್ಚು’ ಎಂದರು. ‘ಹುಚ್ಚು’ ಕಟುವಾದ ಮಾತು. ‘ಅನುಮಾನ’ ಮಾತ್ರ ಗುರಿಗೆ ನಾಟಿದೆ. ಬಳಿಕ ಮನೋವಿಶ್ಲೇಷಣೆಯ ಫ್ರಾಯ್ಡ್ ಬಂದರು, ಬಾಲ್ಯದ ಬೇರು ಹುಡುಕುವುದರಲ್ಲಿ ದಶಕಗಳು ಕಳೆದವು.

ತಿರುವು ಬಂದದ್ದು 1966ರಲ್ಲಿ. ಆವರೆಗೆ, ಮತ್ತೆಮತ್ತೆ ಕೈ ತೊಳೆಯುವವರನ್ನು ತಡೆದರೆ ಅವರ ಮನಸ್ಸೇ ಕುಸಿದೀತು ಎಂಬ ನಂಬಿಕೆಯಿತ್ತು. ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ತಡೆದೇ ನೋಡಿದರು. ಕೋಣೆಯ ನಲ್ಲಿ ಬಂದ್ ಮಾಡಿಸಿ, ದಾದಿಯರನ್ನು ಜೊತೆಗಿರಿಸಿ, ಹೆದರಿಕೆಯ ವಸ್ತುವನ್ನು ಮುಟ್ಟಿಸಿದರು. ದಿಗಿಲು ಏರಿತು, ಏರಿದ್ದು ತಾನಾಗಿ ಇಳಿಯಿತು. ಹೆದರಿಕೆಯನ್ನು ಎದುರಿಸು, ಆದರೆ ಅದನ್ನು ತಗ್ಗಿಸುವ ಮರುಕ್ರಿಯೆ ಮಾಡಬೇಡ ಎಂಬ ಈ ಸೂತ್ರವೇ ಇಂದಿಗೂ ಚಿಕಿತ್ಸೆಯ ಬೆನ್ನೆಲುಬು. ಈಗ ಹಂತಹಂತವಾಗಿ, ರೋಗಿಯ ಒಪ್ಪಿಗೆಯಿಂದಲೇ ಮಾಡಿಸುತ್ತಾರೆ. ಕ್ಲೋಮಿಪ್ರಮೀನ್ ಮೊದಲಾದ ಮಾತ್ರೆಗಳು ಆಮೇಲೆ ಸೇರಿಕೊಂಡವು. ಅವುಗಳ ಪೂರ್ಣ ಗುಣ ಕಾಣಲು 8ರಿಂದ 12 ವಾರ ಬೇಕು. ಎರಡು ವಾರಕ್ಕೇ ‘ಪ್ರಯೋಜನವಿಲ್ಲ’ ಎಂದು ನಿಲ್ಲಿಸುವವರೇ ಹೆಚ್ಚೆಂಬುದು ನನ್ನ ಅನುಭವ.

ನಮ್ಮಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 1982ರಲ್ಲಿ. ಈಗ ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯರು ಸಿಗುತ್ತಾರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಕ್ಲಿನಿಕ್ ಇದೆ. ಆದರೆ ಎದುರಿಸುವ ಚಿಕಿತ್ಸೆಗೆ ತಾಸುಗಟ್ಟಲೆ ಜೊತೆಗೆ ಕೂರುವವರು ಬೇಕು. ಆಟಿ ತಿಂಗಳ ಮಳೆಯಲ್ಲಿ ಘಟ್ಟದೂರಿನಿಂದ ವಾರವಾರ ಬೆಂಗಳೂರಿಗೆ ಬಸ್ ಹತ್ತುವುದು ಎಷ್ಟು ಜನರಿಗೆ ಸಾಧ್ಯ? ಮಾತ್ರೆ ಊರಿಗೆ ಬಂದಷ್ಟು ಬೇಗ ಈ ಚಿಕಿತ್ಸೆ ಬರಲಿಲ್ಲ.

ಅಲ್ಲಿಯವರೆಗೆ ಕಾಯಿಲೆಯ ಪಾಲುದಾರರು ಮನೆಯವರೇ. ವಿರಾಜಪೇಟೆ ಕಡೆಯ ನಮ್ಮ ನೆಂಟರ ಮನೆಯಲ್ಲಿ ಅತ್ತೆ ರಾತ್ರಿಯಿಡೀ ಕೇಳುತ್ತಿದ್ದರು, ‘ನೋಡಿ, ಗ್ಯಾಸ್ ಬಂದ್ ಆಗಿದೆಯಲ್ಲ?’ ‘ಆಗಿದೆ, ಮಲಗು’ ಎಂದು ಮಾವ. ಹತ್ತು ನಿಮಿಷ ನೆಮ್ಮದಿ. ಮತ್ತೆ ಅದೇ ಪ್ರಶ್ನೆ. ಪ್ರೀತಿಯಿಂದ ಕೊಟ್ಟ ಆ ಉತ್ತರವೇ ಅನುಮಾನಕ್ಕೆ ಅನ್ನ ಹಾಕುತ್ತಿತ್ತೆಂದು ಅವರಿಗೆ ಹೇಳುವವರು ಸಿಕ್ಕಿದ್ದು ಹನ್ನೊಂದು ವರ್ಷಗಳ ನಂತರ. ಚಿಕಿತ್ಸೆಯ ಮೊದಲ ರಾತ್ರಿ ಮಾವ ಉತ್ತರ ಕೊಡಲಿಲ್ಲ, ಪಕ್ಕದಲ್ಲಿ ಕೈ ಹಿಡಿದು ಕೂತರು. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಅತ್ತೆ ಎರಡು ಗಂಟೆಯವರೆಗೂ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು, ಎದ್ದು ಹೋಗಲಿಲ್ಲ.