ಒಂದೇ ಯುದ್ಧ, ಐದು ಲೆಕ್ಕ

1988ರಲ್ಲಿ ಅಮೆರಿಕದಲ್ಲಿ ಎರಡು ಅಧ್ಯಯನಗಳ ವರದಿ ಬೆನ್ನುಬೆನ್ನಿಗೇ ಹೊರಬಂತು. ಎರಡಕ್ಕೂ ಸರ್ಕಾರದ್ದೇ ದುಡ್ಡು, ಎರಡೂ ಕೇಳಿದ್ದು ಒಂದೇ ಪ್ರಶ್ನೆ: ವಿಯೆಟ್ನಾಂ ಯುದ್ಧದಿಂದ ಮರಳಿ ಇಷ್ಟು ವರ್ಷವಾದ ಮೇಲೂ ಎಷ್ಟು ಸೈನಿಕರು ಪಿಟಿಎಸ್‌ಡಿಯಿಂದ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆಯಿಂದ, ನರಳುತ್ತಿದ್ದಾರೆ? ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಉತ್ತರ ಶೇ 2.2. ಅಲ್ಲಿನ ಸಂಸತ್ತಿನ ಆದೇಶದ ಮೇಲೆ ನಡೆದ ರಾಷ್ಟ್ರೀಯ ಅಧ್ಯಯನದ ಉತ್ತರ ಶೇ 15.2.

ಯುದ್ಧಭೂಮಿಯಲ್ಲಿ ಸೇವೆ ಮಾಡಿದ ಗಂಡಸರು ಸುಮಾರು 31.4 ಲಕ್ಷ. ಎರಡನೆಯ ಲೆಕ್ಕದ ಪ್ರಕಾರ ಅವರಲ್ಲಿ 4.79 ಲಕ್ಷ ಜನರಿಗೆ ಕಾಯಿಲೆ ಇನ್ನೂ ಇತ್ತು. ಮೊದಲಿನ ಶೇಕಡಾವಾರನ್ನೇ ಅವರೆಲ್ಲರಿಗೂ ಅನ್ವಯಿಸಿದರೆ ಎಪ್ಪತ್ತು ಸಾವಿರವೂ ಮುಟ್ಟುವುದಿಲ್ಲ. ಎಷ್ಟು ಚಿಕಿತ್ಸಾ ಕೇಂದ್ರ ತೆರೆಯಬೇಕು, ಯಾರಿಗೆ ಪರಿಹಾರ ಕೊಡಬೇಕು ಎಂಬುದೆಲ್ಲ ಈ ಅಂಕಿಗಳ ಮೇಲೆ ನಿಂತಿತ್ತು. ಹಾಗಾಗಿ ಜಗಳ ವಿಜ್ಞಾನಿಗಳ ಕೋಣೆಯೊಳಗೇ ಉಳಿಯಲಿಲ್ಲ.

ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ, ಮುರಿದ ಮೂಳೆಗೆ ಎಕ್ಸ್‌ರೇ ಇದೆ. ಪಿಟಿಎಸ್‌ಡಿಯನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆಯಾಗಲಿ ಮಿದುಳಿನ ಸ್ಕ್ಯಾನ್ ಆಗಲಿ ಇವತ್ತಿಗೂ ಇಲ್ಲ. ಇರುವುದು ಪ್ರಶ್ನೆಗಳು ಮಾತ್ರ. ಅವನ್ನು ಯಾರು, ಯಾರಿಗೆ, ಹೇಗೆ ಕೇಳುತ್ತಾರೆ, ಉತ್ತರಕ್ಕೆ ಎಷ್ಟು ಅಂಕ ಹಾಕಿ ಎಲ್ಲಿ ಗೆರೆ ಎಳೆಯುತ್ತಾರೆ ಎಂಬುದರಲ್ಲೇ ಸಂಶೋಧನೆಯ ಅರ್ಧ ಹಣೆಬರಹ ತೀರ್ಮಾನವಾಗುತ್ತದೆ.

ಕಾಯಿಲೆಗೆ ಅಧಿಕೃತ ಹೆಸರು ಸಿಕ್ಕಿದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂನ ಮೂರನೆಯ ಆವೃತ್ತಿಯಲ್ಲಿ. ಕುತೂಹಲದ ಸಂಗತಿಯೆಂದರೆ, ಹೆಸರಿಗಿಂತ ಮೊದಲೇ ಅಳತೆಗೋಲು ಬಂದಿತ್ತು. ಮಾರ್ಡಿ ಹೊರೊವಿಟ್ಸ್ ಮತ್ತು ಸಂಗಡಿಗರು 1979ರಲ್ಲೇ ಹದಿನೈದು ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದ್ದರು. ಬೇಡವೆಂದರೂ ನುಗ್ಗಿ ಬರುವ ನೆನಪು, ನೆನಪಾಗದಂತೆ ದೂರ ಸರಿಯುವ ಯತ್ನ, ಈ ಎರಡನ್ನು ಅದು ಅಳೆಯುತ್ತಿತ್ತು. 1997ರಲ್ಲಿ ಅದಕ್ಕೆ ಬೆಚ್ಚಿಬೀಳುವುದು, ಸಿಡುಕು, ನಿದ್ದೆಗೇಡಿನಂಥ ಲಕ್ಷಣಗಳೂ ಸೇರಿ ಪ್ರಶ್ನೆಗಳು ಇಪ್ಪತ್ತೆರಡಾದವು. ದುರಂತಗಳ ನಂತರದ ಸಮೀಕ್ಷೆಗಳಲ್ಲಿ ಈಗಲೂ ಅದರ ಬಳಕೆ ಧಾರಾಳವಾಗಿದೆ.

ವಿಯೆಟ್ನಾಂ ಲೆಕ್ಕಕ್ಕೆ ಬರೋಣ. ಸಿಡಿಸಿ ಬಳಸಿದ್ದು ಡಿಐಎಸ್ ಎಂಬ ಸಂದರ್ಶನ. ತರಬೇತಿ ಪಡೆದವರು, ವೈದ್ಯರೇ ಆಗಬೇಕೆಂದಿಲ್ಲ, ಹಾಳೆಯಲ್ಲಿದ್ದ ಪ್ರಶ್ನೆಯನ್ನು ಇದ್ದ ಹಾಗೇ ಓದಿ ಉತ್ತರ ಗುರುತು ಹಾಕಿಕೊಳ್ಳುವ ಪದ್ಧತಿ ಅದು. ಇಂಥ ಘಟನೆ ನಡೆಯಿತು, ಅದರಿಂದ ನನಗೆ ಹೀಗಾಗುತ್ತಿದೆ ಎಂದು ಸೈನಿಕನೇ ಗಂಟು ಹಾಕಿ ಹೇಳಬೇಕಿತ್ತು. ಆ ನೆನಪಿನ ಹತ್ತಿರವೂ ಸುಳಿಯದಂತೆ ತಪ್ಪಿಸಿಕೊಳ್ಳುವುದೇ ಈ ಕಾಯಿಲೆಯ ಒಂದು ಲಕ್ಷಣವಾಗಿರುವಾಗ, ತುಂಬ ನೊಂದವನು ಮೊದಲ ಪ್ರಶ್ನೆಗೇ ‘ಅಂಥದ್ದೇನೂ ಇಲ್ಲ’ ಎಂದು ಎದ್ದುಹೋಗುವ ಸಾಧ್ಯತೆ ಇದ್ದೇ ಇತ್ತು. ರಾಷ್ಟ್ರೀಯ ಅಧ್ಯಯನದವರು ಒಂದೇ ಸಾಧನವನ್ನು ನಂಬಲಿಲ್ಲ. ಮಿಸಿಸಿಪಿ ಅಳತೆ ಎಂಬ 35 ಪ್ರಶ್ನೆಗಳ ಪಟ್ಟಿ, ಇನ್ನೊಂದು ಮನೋಪರೀಕ್ಷೆಯಿಂದ ಆಯ್ದ ಪ್ರಶ್ನೆಗಳು, ಸೈನಿಕರಲ್ಲೇ ಒಂದು ಗುಂಪಿಗೆ ಅನುಭವಿ ಚಿಕಿತ್ಸಕರಿಂದ ನೇರ ಸಂದರ್ಶನ, ಇವೆಲ್ಲ ಸೇರಿ ಅವರ ಅಂದಾಜು ಸಿದ್ಧವಾಯಿತು. ಎರಡೂ ಅಧ್ಯಯನಗಳು ಮಾತಾಡಿಸಿದ್ದು ಒಂದೇ ಬಗೆಯ ಸೈನಿಕರನ್ನೂ ಅಲ್ಲ. ಆದರೂ ಏಳು ಪಟ್ಟು ಅಂತರದ ದೊಡ್ಡ ಪಾಲು ಸಾಧನದ್ದೇ ಎಂದು ನನಗೆ ಅನ್ನಿಸುತ್ತದೆ.

ಮೂರನೆಯ ಅಂಕಿ ಬಂದದ್ದು 2006ರಲ್ಲಿ. ಬ್ರೂಸ್ ಡೊಹ್ರೆನ್‌ವೆಂಡ್ ತಂಡ ರಾಷ್ಟ್ರೀಯ ಅಧ್ಯಯನದ ಹಳೆಯ ಕಡತಗಳನ್ನೇ ಬಿಚ್ಚಿ, ಸೈನಿಕರ ಮಾತನ್ನು ಸೇನಾ ದಾಖಲೆಗಳ ಜತೆ ತಾಳೆ ನೋಡಿತು. ಪರಿಹಾರದ ಆಸೆಗೆ ಕಥೆ ಕಟ್ಟಿದ್ದಾರೆ ಎಂಬ ಗುಮಾನಿ ಆಗ ಜೋರಾಗಿತ್ತು. ಸುಳ್ಳು ಹೇಳಿದ್ದಕ್ಕೆ ಪುರಾವೆ ಸಿಕ್ಕಿದ್ದು ತೀರಾ ಕಡಿಮೆ. ಆದರೆ ಯುದ್ಧಕ್ಕೆ ಮೊದಲೇ ಇದ್ದ ತೊಂದರೆಗಳನ್ನು ಬದಿಗಿಟ್ಟು, ದಿನದ ಬದುಕಿಗೆ ಎಷ್ಟು ಅಡ್ಡಿಯಾಗಿದೆ ಎಂಬ ಷರತ್ತನ್ನು ಬಿಗಿ ಮಾಡಿದಾಗ ಅಂಕಿ ಶೇ 9.1ಕ್ಕೆ ಇಳಿಯಿತು. ಸುಳ್ಳುಗಾರರಿಲ್ಲ, ಆದರೂ ಲೆಕ್ಕ ಬದಲಾಯಿತು. ಈ ಕ್ಷೇತ್ರದ ಸ್ವಭಾವ ತಿಳಿಯಲು ಇದೊಂದು ಉದಾಹರಣೆ ಸಾಕು.

ಸಾಧನಗಳಲ್ಲಿ ಎರಡು ಜಾತಿ. ಒಂದು ಸ್ಕ್ರೀನಿಂಗಿನದು, ಅಂದರೆ ಮೊದಲ ಸೋಸುವಿಕೆಯದು, ಇನ್ನೊಂದು ರೋಗನಿರ್ಣಯದ್ದು. ಸೋಸುವುದಕ್ಕೆ ಇರುವ ಪ್ರಶ್ನಾವಳಿ ಜರಡಿಯಿದ್ದ ಹಾಗೆ, ಕಾಳಿನ ಜತೆ ಒಂದಿಷ್ಟು ಕಲ್ಲನ್ನೂ ಉಳಿಸಿಕೊಳ್ಳುತ್ತದೆ. ಸಾಮಾನ್ಯ ಆಸ್ಪತ್ರೆಗಳಿಗೆಂದು ಮಾಡಿದ ಪಿಸಿ-ಪಿಟಿಎಸ್‌ಡಿ-5ರಲ್ಲಿ ಇರುವುದು ಐದೇ ಹೌದು-ಇಲ್ಲ ಪ್ರಶ್ನೆ: ದುಃಸ್ವಪ್ನ ಅಥವಾ ಬೇಡದ ನೆನಪು ಕಾಡುತ್ತದೆಯೇ, ನೆನಪಿಸುವ ಜಾಗದಿಂದ ದೂರ ಉಳಿಯುತ್ತೀರಾ, ಸದಾ ಎಚ್ಚರದಲ್ಲಿದ್ದು ಬೆಚ್ಚಿಬೀಳುತ್ತೀರಾ, ಮನಸ್ಸು ಮರಗಟ್ಟಿದೆಯೇ, ಆದದ್ದಕ್ಕೆ ನಿಮ್ಮನ್ನೋ ಇತರರನ್ನೋ ದೂರುತ್ತಲೇ ಇದ್ದೀರಾ. ಸಂಶೋಧನೆಯಲ್ಲಿ ಅತಿ ಹೆಚ್ಚು ಓಡುವ ಕುದುರೆ ಪಿಸಿಎಲ್-5. ಅದರಲ್ಲಿ ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 80. ಸಾಮಾನ್ಯವಾಗಿ 31ರಿಂದ 33ರ ನಡುವೆ ಗೆರೆ ಎಳೆಯುತ್ತಾರೆ. ಅದನ್ನು ದಾಟಿದವರನ್ನು ‘ಇರಬಹುದು’ ಎಂಬ ಪಟ್ಟಿಗೆ ಸೇರಿಸುತ್ತಾರೆ.

ಆ ‘ಇರಬಹುದು’ ಎಷ್ಟು ತೂಕದ್ದು ಎಂದು ಒಂದು ಕಲ್ಪಿತ ಲೆಕ್ಕ ಹಾಕಿ ನೋಡಿ. ಕಾಯಿಲೆ ಇರುವ ನೂರರಲ್ಲಿ 90 ಜನರನ್ನು ಹಿಡಿಯುವ, ಇಲ್ಲದ ನೂರರಲ್ಲಿ 90 ಜನರನ್ನು ಸರಿಯಾಗಿ ಬಿಟ್ಟುಬಿಡುವ ಪ್ರಶ್ನಾವಳಿ ನಮ್ಮಲ್ಲಿದೆ ಎಂದಿಟ್ಟುಕೊಳ್ಳೋಣ. ಒಂದು ಊರಿನ ಸಾವಿರ ಜನರಲ್ಲಿ 50 ಮಂದಿಗೆ ಕಾಯಿಲೆ. ಪ್ರಶ್ನಾವಳಿ ಅವರಲ್ಲಿ 45 ಜನರನ್ನು ಹಿಡಿಯುತ್ತದೆ. ಉಳಿದ 950 ಜನರಲ್ಲಿ 95 ಮಂದಿಯ ಮೇಲೂ ತಪ್ಪಾಗಿ ಬೆರಳಿಡುತ್ತದೆ. ಗೆರೆ ದಾಟಿದ 140 ಜನರಲ್ಲಿ ನಿಜವಾದ ರೋಗಿಗಳು ಮೂವರಲ್ಲಿ ಒಬ್ಬರು, ಅಷ್ಟೇ. ಅದೇ ಹಾಳೆಯನ್ನು ಸೈನಿಕರ ಮಾನಸಿಕ ಚಿಕಿತ್ಸಾಲಯಕ್ಕೆ ಒಯ್ಯಿರಿ. ಅಲ್ಲಿ ಸಾವಿರದಲ್ಲಿ 500 ಜನರಿಗೆ ಕಾಯಿಲೆ ಇದ್ದರೆ, ಗೆರೆ ದಾಟಿದ 500ರಲ್ಲಿ 450 ನಿಜ. ಹಾಳೆಯ ಒಂದಕ್ಷರವೂ ಬದಲಾಗಿಲ್ಲ, ಬದಲಾದದ್ದು ಜನ. ಮಿಸಿಸಿಪಿ ಅಳತೆಗೆ ಚಿಕಿತ್ಸಾಲಯದಲ್ಲಿ 107 ಗೆರೆಯಾಗಿದ್ದರೆ, ಸಮುದಾಯದ ಸಮೀಕ್ಷೆಗೆ ಅದನ್ನು ಕೆಳಗಿಳಿಸಬೇಕಾಗಿ ಬಂದದ್ದೂ ಇಂಥ ಕಾರಣಕ್ಕೇ. ಪತ್ರಿಕೆಗಳು ಸಮೀಕ್ಷೆಯ ‘ಇರಬಹುದು’ ಅಂಕಿಯನ್ನು ‘ಇದೆ’ ಎಂದು ಅಚ್ಚು ಹಾಕುವಾಗ ನನಗೆ ಕಿರಿಕಿರಿಯಾಗುವುದು ಇದಕ್ಕಾಗಿ.

ಇನ್ನು ರೋಗನಿರ್ಣಯ. ಇದರಲ್ಲಿ ಎಲ್ಲರೂ ಒಪ್ಪುವ ಮಾನದಂಡ ಕ್ಯಾಪ್ಸ್ ಎಂಬ ಸಂದರ್ಶನ. ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಪಿಟಿಎಸ್‌ಡಿ ರಾಷ್ಟ್ರೀಯ ಕೇಂದ್ರದಲ್ಲಿ 1990ರ ಹೊತ್ತಿಗೆ ರೂಪುಗೊಂಡದ್ದು. ಈಗಿನ ಆವೃತ್ತಿಯಾದ ಕ್ಯಾಪ್ಸ್-5ರಲ್ಲಿ 30 ಅಂಶಗಳಿವೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಪ್ರಶ್ನಾವಳಿಯಲ್ಲಿ ‘ಕೆಟ್ಟ ಕನಸು: ಸಾಕಷ್ಟು’ ಎಂದು ಗುರುತು ಹಾಕಿದರೆ ಮುಗಿಯಿತು. ಇಲ್ಲಿ ಸಂದರ್ಶಕ ಬಿಡುವುದಿಲ್ಲ. ಕನಸಿನಲ್ಲಿ ಏನಾಗುತ್ತದೆ? ಎಚ್ಚರವಾಗುತ್ತದೆಯೇ? ಎದ್ದ ಮೇಲೆ ಹೇಗಿರುತ್ತೀರಿ? ಮತ್ತೆ ನಿದ್ದೆ ಹತ್ತುತ್ತದೆಯೇ? ಹೋದ ತಿಂಗಳು ಎಷ್ಟು ಸಲ? ತಿಂಗಳಿಗೆ ಎರಡು ಸಲವಾದರೂ ಬಿದ್ದು, ತೀವ್ರತೆಯೂ ಎದ್ದು ಕಾಣುವಂತಿದ್ದರೆ ಮಾತ್ರ ಅದು ಲಕ್ಷಣವೆಂದು ಲೆಕ್ಕಕ್ಕೆ ಸೇರುತ್ತದೆ. ನಿದ್ದೆಗೇಡು, ಸಿಡುಕು, ಏಕಾಗ್ರತೆ ಇಲ್ಲದಿರುವುದು ಯಾವ ಕಾರಣಕ್ಕಾದರೂ ಬರಬಹುದಾದವು. ಅವಕ್ಕೆ ಆ ಘಟನೆಯ ಜತೆ ನಂಟು ಖಚಿತವೇ, ಸಂಭವವೇ, ಅಸಂಭವವೇ ಎಂದು ಬೇರೆಯಾಗಿ ಬರೆದುಕೊಳ್ಳಬೇಕು.

ಈ ಎರಡು ಜಾತಿಯನ್ನು ಒಂದೇ ಜನರ ಮೇಲೆ ಹಚ್ಚಿದರೆ? ಅದೂ ನಡೆಯಿತು. ಯುದ್ಧ ಮುಗಿದು ನಾಲ್ಕು ದಶಕವಾದ ಮೇಲೆ ರಾಷ್ಟ್ರೀಯ ಅಧ್ಯಯನದ ಸೈನಿಕರಲ್ಲಿ ಬದುಕಿದ್ದವರನ್ನು ಮತ್ತೆ ಹುಡುಕಿ ಮಾತಾಡಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗಂಡಸರ ಅಂಕಿ ಕ್ಯಾಪ್ಸ್-5ರ ಪ್ರಕಾರ ಶೇ 4.5, ಪಿಸಿಎಲ್-5 ಆಧರಿಸಿದ ಲೆಕ್ಕದ ಪ್ರಕಾರ ಶೇ 11.2. ಕ್ಯಾಪ್ಸಿನ ಗೆರೆ ಪೂರ್ತಿ ದಾಟದೆ ಹತ್ತಿರ ನಿಂತವರನ್ನೂ ಸೇರಿಸಿಕೊಂಡರೆ ಶೇ 10.8. ಪ್ರಶ್ನಾವಳಿ ಹಿಡಿದ ಆ ಹೆಚ್ಚುವರಿ ಜನ ಸುಮ್ಮನೆ ಬಂದವರೇನಲ್ಲ, ಗೆರೆಯ ಈಚೆ ಕೂತು ನರಳುತ್ತಿರುವವರೂ ಅಲ್ಲಿದ್ದಾರೆ ಎಂದು ಇದನ್ನು ಓದಬಹುದು. ನನಗೆ ಈ ಓದೇ ಸರಿ ಎನಿಸುತ್ತದೆ.

ಗೆರೆಯಷ್ಟೇ ಅಲ್ಲ, ಕಾಯಿಲೆಯ ವ್ಯಾಖ್ಯೆಯೂ ಸಡಿಲವಾಗಿದೆ. 2013ರ ಡಿಎಸ್‌ಎಂ-5ರಲ್ಲಿ ನಾಲ್ಕು ಗುಂಪುಗಳಲ್ಲಿ ಇಪ್ಪತ್ತು ಲಕ್ಷಣಗಳಿವೆ. ಐದರಲ್ಲಿ ಒಂದಾದರೂ, ಎರಡರಲ್ಲಿ ಒಂದಾದರೂ, ಏಳರಲ್ಲಿ ಎರಡಾದರೂ, ಆರರಲ್ಲಿ ಎರಡಾದರೂ ಇರಬೇಕು. ಪಿಯುಸಿ ಗಣಿತ ನೆನಪಿದ್ದವರು ಗುಣಿಸಿ ನೋಡಲಿ: 31×3×120×57. ಒಂದೇ ಹೆಸರಿನ ಕಾಯಿಲೆಗೆ 6,36,120 ಬಗೆಯ ಲಕ್ಷಣ ಜೋಡಣೆ! ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣ ಪಟ್ಟಿ ಐಸಿಡಿ-11 ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಅಲ್ಲಿ ಪಿಟಿಎಸ್‌ಡಿಯ ತಿರುಳಿಗೆ ಮೂರು ಗುಂಪು, ಅದನ್ನು ಅಳೆಯುವ ಐಟಿಕ್ಯೂ ಪ್ರಶ್ನಾವಳಿಯಲ್ಲಿ ಆರೇ ಲಕ್ಷಣ. ದೀರ್ಘಕಾಲದ ಹಿಂಸೆಯುಂಡವರಲ್ಲಿ ಹೆಚ್ಚಾಗಿ ಕಾಣುವ ‘ಸಂಕೀರ್ಣ ಪಿಟಿಎಸ್‌ಡಿ’ಗೆ ಪ್ರತ್ಯೇಕ ಜಾಗ.

ಅಮೆರಿಕದ ಸೈನಿಕರಿಂದ ಶುರುವಾದ ಈ ಲೆಕ್ಕಾಚಾರ ನಮ್ಮ ಕಡೆಗೂ ಬಂತು. ಹಾರ್ವರ್ಡ್ ಆಘಾತ ಪ್ರಶ್ನಾವಳಿಯನ್ನು ರಿಚರ್ಡ್ ಮೊಲಿಕಾ ತಂಡ ಸಿದ್ಧಪಡಿಸಿದ್ದು ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂಗಳಿಂದ ಓಡಿಬಂದ ನಿರಾಶ್ರಿತರಿಗಾಗಿ, 1992ರಲ್ಲಿ. 2004ರ ಸುನಾಮಿಯಾದ ಎರಡು ತಿಂಗಳಿಗೆ ತಮಿಳುನಾಡಿನ ಒಂದು ಮೀನುಗಾರ ಹಳ್ಳಿಯ 314 ಮಂದಿಗೆ ಅದನ್ನು ಕೇಳಿದಾಗ ಶೇ 12.7 ಜನರಲ್ಲಿ ಪಿಟಿಎಸ್‌ಡಿ ಕಂಡಿತು. ಹೆಚ್ಚು ಸಿಕ್ಕಿಬಿದ್ದವರು ಹೆಂಗಸರು, ಗಾಯಗೊಂಡವರು, ಮನೆಗೆ ಆದಾಯವೇ ಇಲ್ಲದವರು. ಈ ಕೊನೆಯ ಸಾಲು ಯೋಚನೆಗೆ ಹಚ್ಚುತ್ತದೆ. ದೋಣಿ, ಬಲೆ ಎರಡೂ ಕೊಚ್ಚಿಹೋದವನಿಗೆ ರಾತ್ರಿ ನಿದ್ದೆ ಬರದಿರುವುದು ಅಲೆಯ ನೆನಪಿಗೋ, ನಾಳೆಯ ಅಕ್ಕಿಗೋ? ಅಂಕ ಹಾಕುವ ಹಾಳೆಗೆ ಎರಡೂ ಒಂದೇ. ಪಕ್ಕದಲ್ಲಿ ಕೂತು ವಿಚಾರಿಸುವವರಿಗೆ ಮಾತ್ರ ವ್ಯತ್ಯಾಸ ತಿಳಿಯುವ ಸಾಧ್ಯತೆ ಇದೆ, ಅವರಿಗೂ ಪ್ರತಿಸಲ ತಿಳಿಯುತ್ತದೆಂದಿಲ್ಲ.

ಪಿಸಿಎಲ್-5 ಅನ್ನು ಯಾರು ಬೇಕಾದರೂ ಇಂಟರ್‌ನೆಟ್ಟಿನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಕ್ಯಾಪ್ಸ್-5 ಸಿಗುವುದು ಅರ್ಹ ವೃತ್ತಿಪರರಿಗೆ ಮಾತ್ರ. ಮನೆಯಲ್ಲೇ ತುಂಬಿ 40 ಅಂಕ ಬಂತೆಂದು ಗಾಬರಿಯಾಗುವವರೂ, 25 ಬಂತೆಂದು ಸುಮ್ಮನಾಗುವವರೂ ಇದ್ದಾರೆ. ಗೆರೆಯ ಯಾವ ಕಡೆ ಇದ್ದರೂ, ತಿಂಗಳು ದಾಟಿದ ಮೇಲೂ ನಿದ್ದೆ, ಕೆಲಸ, ಮನೆಮಂದಿಯ ಜತೆಗಿನ ಒಡನಾಟ ಹಳಿಗೆ ಬಾರದಿದ್ದರೆ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.